ಮೂರು ನಿಮಿಷದ ಗಡಿಯಾರದ ಮುಂದೆ

2022ರ ಡಿಸೆಂಬರ್ ಕೊನೆಯ ವಾರ ಕಜಕಸ್ತಾನದ ಅಲ್ಮಾಟಿಯಲ್ಲಿ ಮಿಂಚಿನ ವೇಗದ ಚೆಸ್ ಆಟವಾದ ಬ್ಲಿಟ್ಜ್‌ನ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಸುತ್ತು ಆರಂಭವಾದಾಗ ಮ್ಯಾಗ್ನಸ್ ಕಾರ್ಲ್‌ಸನ್ ಅವರ ಕುರ್ಚಿ ಖಾಲಿಯಿತ್ತು. ಎದುರಾಳಿ ವ್ಲಾಡಿಸ್ಲಾವ್ ಕೊವಲೆವ್ ತಮ್ಮ ಜಾಗದಲ್ಲಿ ಕುಳಿತಿದ್ದರು, ಕಾರ್ಲ್‌ಸನ್ ಅವರ ಗಡಿಯಾರ ಮಾತ್ರ ಯಾರಿಗೂ ಕಾಯದೆ ಇಳಿಯುತ್ತಿತ್ತು. ಸ್ಕೀಯಿಂಗ್‌ಗೆಂದು ಹೋಗಿದ್ದ ವಿಶ್ವದ ಅಗ್ರ ಆಟಗಾರ ಮರಳುವ ದಾರಿಯಲ್ಲಿ ವಾಹನ ದಟ್ಟಣೆಗೆ ಸಿಲುಕಿ, ಸುಮಾರು ಎರಡೂವರೆ ನಿಮಿಷ ತಡವಾಗಿ ಸಭಾಂಗಣಕ್ಕೆ ಓಡಿ ಬಂದಾಗ ಅವರ ಪಾಲಿಗೆ ಉಳಿದದ್ದು ಅರ್ಧ ನಿಮಿಷದಷ್ಟು ಸಮಯ. ಆ ಅರ್ಧ ನಿಮಿಷದಲ್ಲಿ, ಪ್ರತಿ ನಡೆಗೆ ಸೇರುವ ಎರಡೆರಡು ಸೆಕೆಂಡುಗಳನ್ನು ನಂಬಿಕೊಂಡು ಅವರು ಆ ಆಟವನ್ನು ಗೆದ್ದರು. ಕೊನೆಗೆ ಆ ವರ್ಷದ ಪ್ರಶಸ್ತಿಯನ್ನೂ ಗೆದ್ದರು.

ಆ ಆಟದ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿದವರೆಲ್ಲ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಏನು ಕೈವೇಗ!’ ಆದರೆ ಪ್ರತಿ ಸಲ ನೋಡಿದಾಗಲೂ ನನಗೆ ಕಾಣುವುದು ಕೈಯಲ್ಲ. ಮೂವತ್ತು ಸೆಕೆಂಡು ಇರುವವನು ಮೂರು ನಿಮಿಷ ಇರುವವನಿಗಿಂತ ನಿರಾಳವಾಗಿ ಕುಳಿತಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆಯೇ ನನ್ನನ್ನು ಕಾಡುತ್ತದೆ. ಬ್ಲಿಟ್ಜ್ ಚೆಸ್‌ನಲ್ಲಿ ಅತ್ಯುನ್ನತ ಮಟ್ಟದವರು ನಮ್ಮಂಥವರಿಗಿಂತ ವೇಗವಾಗಿ ಯೋಚಿಸುತ್ತಾರೆ ಎಂದು ಬಹುಕಾಲ ನಾನೂ ನಂಬಿದ್ದೆ. ಈಗ ನನ್ನ ಅಭಿಪ್ರಾಯ ಬೇರೆ. ಅವರು ಹೆಚ್ಚಿನ ನಡೆಗಳಲ್ಲಿ ಯೋಚಿಸುವುದೇ ಇಲ್ಲ. ಎಲ್ಲಿ ಯೋಚಿಸಲೇಬೇಕು ಎಂಬುದನ್ನು ಗುರುತಿಸುವುದರಲ್ಲೇ ಅವರ ಪ್ರತಿಭೆಯ ಬಹುಪಾಲು ಅಡಗಿದೆ. ಈ ಬರಹ ಆ ಅಭಿಪ್ರಾಯದ ಸುತ್ತ.

ಮೊದಲು ಲೆಕ್ಕ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ, ಅಂದರೆ ಫಿಡೆಯ ನಿಯಮದಂತೆ ಒಬ್ಬ ಆಟಗಾರನಿಗೆ ಒಟ್ಟು ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯ ಸಿಗುವ ಆಟ ಬ್ಲಿಟ್ಜ್. ನಡೆಗೊಮ್ಮೆ ಹೆಚ್ಚುವರಿ ಸೆಕೆಂಡು ಸಿಗುವುದಿದ್ದರೆ ಅದನ್ನು ಅರುವತ್ತು ನಡೆಗಳಿಗೆ ಗುಣಿಸಿ ಮೂಲ ಸಮಯಕ್ಕೆ ಕೂಡಿಸಿ ನೋಡಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಳಸುವುದು ಮೂರು ನಿಮಿಷ ಮತ್ತು ನಡೆಗೆ ಎರಡು ಸೆಕೆಂಡು, ಅಂದರೆ ಈ ಲೆಕ್ಕದಲ್ಲಿ ಒಟ್ಟು ಐದು ನಿಮಿಷ. ನಲವತ್ತು ನಡೆಗಳ ಆಟವೊಂದನ್ನು ತೆಗೆದುಕೊಂಡರೆ ನಡೆಗೆ ಸರಾಸರಿ ಆರೂವರೆ ಸೆಕೆಂಡು ಸಿಗುತ್ತದೆ. ಆದರೆ ಈ ಸರಾಸರಿ ಎಂಬುದೇ ಮೋಸ. ಮೊದಲ ಹದಿನೈದು ನಡೆಗಳನ್ನು ತಲಾ ಎರಡು ಸೆಕೆಂಡಿನಲ್ಲಿ ಆಡಿದವನ ಗಡಿಯಾರ ಹದಿನೈದನೇ ನಡೆಯ ಹೊತ್ತಿಗೂ ಮೂರು ನಿಮಿಷವನ್ನೇ ತೋರಿಸುತ್ತಿರುತ್ತದೆ. ಖರ್ಚು ಮಾಡಿದ್ದನ್ನು ಗಡಿಯಾರವೇ ಮರಳಿಸಿರುತ್ತದೆ. ಅವನಿಗೆ ಮುಂದಿನ ಇಪ್ಪತ್ತೈದು ನಡೆಗಳಿಗೆ ತಲಾ ಒಂಬತ್ತು ಸೆಕೆಂಡಿಗೂ ಹೆಚ್ಚು ಸಮಯ ಉಳಿಯುತ್ತದೆ. ನನ್ನಂಥವರು ಆ ಹೊತ್ತಿಗೆ ಒಂದು ನಿಮಿಷ ನಲವತ್ತು ಸೆಕೆಂಡಿಗೆ ಇಳಿದಿರುತ್ತೇವೆ, ಅಂದರೆ ತಲಾ ಆರು ಸೆಕೆಂಡು. ಈ ಮೂರು ಸೆಕೆಂಡುಗಳ ವ್ಯತ್ಯಾಸ ಕೇಳುವುದಕ್ಕೆ ಏನೂ ಅಲ್ಲ ಎನಿಸಬಹುದು. ಆಟದ ನಡುಹಂತದಲ್ಲಿ ಎದುರಾಳಿಯ ಕುದುರೆ ಎಲ್ಲಿಗೆ ಹಾರಬಹುದು ಎಂದು ಒಮ್ಮೆ ಕಣ್ಣು ಹಾಯಿಸುವುದಕ್ಕೆ ಬೇಕಾಗುವುದು ಸರಿಯಾಗಿ ಆ ಮೂರು ಸೆಕೆಂಡು.

ನಡೆಗೊಮ್ಮೆ ಸಮಯ ಸೇರಿಸುವ ಈ ಪದ್ಧತಿಗೆ ಅಮೆರಿಕದ ಚೆಸ್ ಆಟಗಾರ ಬಾಬಿ ಫಿಶರ್ ಅವರ ಹೆಸರಿದೆ. ಅಂಥ ಗಡಿಯಾರಕ್ಕೆ 1989ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಅದಕ್ಕೂ ಮೊದಲಿನ ಮುಳ್ಳಿನ ಗಡಿಯಾರಗಳಲ್ಲಿ ಚಿಕ್ಕ ಕೆಂಪು ಬಾವುಟವೊಂದಿರುತ್ತಿತ್ತು. ಮುಳ್ಳು ಹನ್ನೆರಡಕ್ಕೆ ಸಮೀಪಿಸಿದಂತೆ ಅದನ್ನು ಮೇಲೆತ್ತಿ, ಸಮಯ ತೀರಿದ ಕ್ಷಣ ಕೆಳಗೆ ಬಿಡುತ್ತಿತ್ತು. ಇಂದಿಗೂ ಸಮಯ ಮೀರಿ ಸೋಲುವುದನ್ನು ‘ಫ್ಲ್ಯಾಗ್ ಬಿತ್ತು’ ಎಂದೇ ಹೇಳುತ್ತೇವೆ. ಹೆಚ್ಚುವರಿ ಸೆಕೆಂಡು ಇಲ್ಲದ ಐದು ನಿಮಿಷದ ಆಟದ ಕೊನೆಯ ಹತ್ತು ಸೆಕೆಂಡುಗಳಲ್ಲಿ ಚೆಸ್ ಎಂಬುದು ಉಳಿಯುತ್ತಿರಲಿಲ್ಲ. ರಾಜನನ್ನು ಹಿಂದೆ ಮುಂದೆ ಸರಿಸುತ್ತ, ಕಾಯಿಗಳನ್ನು ಅರ್ಧಂಬರ್ಧ ಚೌಕದ ಮೇಲಿಟ್ಟು ಗಡಿಯಾರವನ್ನು ಗುದ್ದುವ ಪಂದ್ಯ ಅದು. ಅದರಲ್ಲೂ ಒಂದು ಮಜಾ ಇತ್ತೆಂದು ಹಳಬರು ಹೇಳುತ್ತಾರೆ, ಇಲ್ಲವೆನ್ನಲಾರೆ. ಆದರೆ ಎರಡು ಸೆಕೆಂಡಿನ ಆ ಪುಟ್ಟ ದಾನದಿಂದ ಗೆಲ್ಲುವ ಸ್ಥಿತಿಯಲ್ಲಿರುವವನಿಗೆ ಗೆಲ್ಲುವ ಹಕ್ಕು ಬಂತು ಎಂಬುದು ನನ್ನ ತೀರ್ಮಾನ. ಕಾರ್ಲ್‌ಸನ್ ಅಲ್ಮಾಟಿಯಲ್ಲಿ ಗೆಲ್ಲಲು ಸಾಧ್ಯವಾದದ್ದೂ ಅದರಿಂದಲೇ. ಹಳೆಯ ಗಡಿಯಾರದ ಮುಂದೆ ಮೂವತ್ತು ಸೆಕೆಂಡಿನಲ್ಲಿ ಯಾವ ದೇವರೂ ಅವರನ್ನು ಉಳಿಸುತ್ತಿರಲಿಲ್ಲ.

ಹಾಗೆಂದು ಹಳೆಯ ಐದು ನಿಮಿಷದ ಆಟದಲ್ಲಿ ಶ್ರೇಷ್ಠತೆ ಕಾಣುತ್ತಿರಲಿಲ್ಲ ಎಂದಲ್ಲ. 1970ರ ಏಪ್ರಿಲ್‌ನಲ್ಲಿ, ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟ ಮತ್ತು ಉಳಿದ ವಿಶ್ವದ ನಡುವಿನ ಪಂದ್ಯ ಮುಗಿದ ಬಳಿಕ, ಯುಗೊಸ್ಲಾವಿಯದ ಹೆರ್ಸೆಗ್ ನೋವಿ ಎಂಬ ಕಡಲತೀರದ ಊರಿನಲ್ಲಿ ಹನ್ನೆರಡು ಆಟಗಾರರ ಬ್ಲಿಟ್ಜ್ ಟೂರ್ನಿಯೊಂದು ನಡೆಯಿತು. ತಾಲ್, ಪೆಟ್ರೋಸಿಯಾನ್, ಸ್ಮಿಸ್ಲೊವ್ ಎಂಬ ಮೂವರು ವಿಶ್ವ ಚಾಂಪಿಯನ್ನರ ಜೊತೆಗೆ ಕೊರ್ಚ್‌ನಾಯ್, ಬ್ರಾನ್‌ಸ್ಟೈನ್ ಮೊದಲಾದವರೂ ಅಲ್ಲಿದ್ದರು. ಸೋವಿಯತ್ ಆಟಗಾರರು ಐದು ನಿಮಿಷದ ಆಟದಲ್ಲಿ ಪಳಗಿದವರಾದ್ದರಿಂದ ಫಿಶರ್‌ಗೆ ಅಲ್ಲಿ ಕಷ್ಟವಾಗಬಹುದು ಎಂಬ ನಿರೀಕ್ಷೆಯಿತ್ತು. ಫಿಶರ್ 22 ಆಟಗಳಲ್ಲಿ 19 ಅಂಕ ಗಳಿಸಿದರು. ಎರಡನೆಯ ಸ್ಥಾನದ ತಾಲ್ ಅವರ ಗಳಿಕೆ 14.5. ಫಿಶರ್ ಸೋತದ್ದು ಒಂದೇ ಆಟ, ಕೊರ್ಚ್‌ನಾಯ್ ಎದುರು. ಟೂರ್ನಿ ಮುಗಿದ ಮೇಲೆ ಅವರು ತಮ್ಮ ಅಷ್ಟೂ ಆಟಗಳ ನಡೆಗಳನ್ನು ನೆನಪಿನಿಂದಲೇ ಹೇಳಿದರೆಂಬ ಕಥೆ ಚೆಸ್ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಈ ಕಥೆಯನ್ನು ಅದ್ಭುತ ನೆನಪಿನ ಶಕ್ತಿಗೆ ಸಾಕ್ಷಿಯೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಚೆಸ್ ಆಟಗಾರರ ನೆನಪು ಎಂಥದ್ದು ಎಂಬುದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ಡಚ್ ಮನಶ್ಶಾಸ್ತ್ರಜ್ಞ ಅಡ್ರಿಯಾನ್ ಡಿ ಗ್ರೂಟ್ ಆರಂಭಿಸಿದ ಈ ಕೆಲಸವನ್ನು ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಮುಂದುವರಿಸಿದರು. ನಿಜವಾದ ಆಟವೊಂದರ ಸ್ಥಿತಿಯನ್ನು ಕೇವಲ ಐದು ಸೆಕೆಂಡು ತೋರಿಸಿ ಮುಚ್ಚಿದಾಗ, ನುರಿತ ಆಟಗಾರರು ಬಹುತೇಕ ಕಾಯಿಗಳನ್ನು ಸರಿಯಾದ ಜಾಗದಲ್ಲಿ ಜೋಡಿಸಿದರು. ಹೊಸಬರಿಗೆ ಕೆಲವೇ ಕಾಯಿಗಳು ನೆನಪಿದ್ದವು. ಅವೇ ಕಾಯಿಗಳನ್ನು ಹಲಗೆಯ ಮೇಲೆ ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ನುರಿತವರ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರಿಗಿದ್ದದ್ದು ಹುಟ್ಟಿನಿಂದ ಬಂದ ಛಾಯಾಚಿತ್ರದಂಥ ನೆನಪಲ್ಲ. ಹಲಗೆಯನ್ನು ಅವರು ಬಿಡಿ ಅಕ್ಷರಗಳಾಗಿ ಓದದೆ ಪದಗಳಾಗಿ ಓದುತ್ತಿದ್ದರು. ‘ಮಾವಿನಕಾಯಿ’ ಎಂಬ ಪದವನ್ನು ಕಂಡಾಗ ನಾವು ಮಾ, ವಿ, ನ ಎಂದು ಕೂಡಿಸುತ್ತ ಕೂರುವುದಿಲ್ಲವಲ್ಲ, ಹಾಗೆ.

ಬ್ಲಿಟ್ಜ್‌ನಲ್ಲಿ ಇದರ ಅರ್ಥವೇನೆಂದು ತಿಳಿಯಲು ಒಂದೇ ಒಂದು ಸ್ಥಿತಿಯನ್ನು ಹತ್ತಿರದಿಂದ ನೋಡೋಣ. ಎರಡೂ ಕಡೆ ಒಂದೊಂದು ಆನೆ, ಅಂದರೆ ಮೂಲೆಯಿಂದ ಆಟ ಆರಂಭಿಸುವ ರೂಕ್, ಉಳಿದಿದೆ. ಬಿಳಿಯ ಬಳಿ ಹೆಚ್ಚುವರಿಯಾಗಿ ಒಂದು ಪದಾತಿ ಇದ್ದು, ಅದು ಏಳನೇ ಅಡ್ಡಸಾಲನ್ನು ತಲುಪಿದೆ. ಆದರೆ ಅದರ ಮುಂದಿನ ಚೌಕದಲ್ಲಿ, ರಾಣಿಯಾಗಬೇಕಾದ ಜಾಗದಲ್ಲೇ, ಬಿಳಿಯ ರಾಜ ಸಿಕ್ಕಿಕೊಂಡಿದ್ದಾನೆ. ಒಂದು ಪಕ್ಕದ ಕಂಬಸಾಲನ್ನು ಕಪ್ಪು ಆನೆ ಕಾಯುತ್ತಿದೆ. ಇನ್ನೊಂದು ಪಕ್ಕದಲ್ಲಿ ಕಪ್ಪು ರಾಜ ಹತ್ತಿರ ಬರದಂತೆ ಬಿಳಿಯ ಆನೆ ತಡೆದಿದೆ. ಇದಕ್ಕೆ ಲುಸೆನಾ ಸ್ಥಿತಿ ಎಂದು ಹೆಸರು. ಮೊದಲ ಬಾರಿ ನೋಡುವವನಿಗೆ ರಾಜ ಹೊರಬರುವ ದಾರಿಯೇ ಕಾಣುವುದಿಲ್ಲ, ಹೊರಬಂದರೆ ಕಪ್ಪು ಆನೆ ಬೆನ್ನು ಬಿಡದೆ ಚೆಕ್, ಅಂದರೆ ರಾಜನಿಗೆ ನೇರ ಬೆದರಿಕೆ, ಕೊಡುತ್ತಲೇ ಇರುತ್ತದೆ. ಉಪಾಯವೇನೆಂದರೆ ಬಿಳಿಯ ಆನೆ ಮೊದಲು ನಾಲ್ಕನೇ ಅಡ್ಡಸಾಲಿಗೆ ಬಂದು ಸುಮ್ಮನೆ ನಿಲ್ಲಬೇಕು. ಆಮೇಲೆ ರಾಜ ಹೊರಬಂದು, ಚೆಕ್‌ಗಳನ್ನು ತಪ್ಪಿಸಿಕೊಳ್ಳುತ್ತ ಐದನೇ ಸಾಲಿನವರೆಗೆ ಇಳಿದು ಬರುತ್ತಾನೆ. ಆಗ ಕೊನೆಯ ಚೆಕ್‌ಗೆ ನಾಲ್ಕನೇ ಸಾಲಿನ ಆನೆ ಅಡ್ಡ ಬಂದು ನಿಲ್ಲುತ್ತದೆ. ಇದನ್ನು ಸೇತುವೆ ಕಟ್ಟುವುದು ಎನ್ನುತ್ತಾರೆ. ಸೇತುವೆ ಕಟ್ಟಿದ ಮೇಲೆ ಪದಾತಿ ರಾಣಿಯಾಗುವುದನ್ನು ಯಾರೂ ತಡೆಯಲಾರರು.

ಇದನ್ನು ಸ್ವಂತ ಬುದ್ಧಿಯಿಂದ ಹಲಗೆಯ ಮುಂದೆ ಕಂಡುಹಿಡಿಯಲು ಒಳ್ಳೆಯ ಆಟಗಾರನಿಗೂ ಹತ್ತಾರು ನಿಮಿಷ ಬೇಕಾದೀತು. ಗೊತ್ತಿರುವವನಿಗೆ ನಡೆಗೆ ಒಂದು ಸೆಕೆಂಡು ಸಾಕು, ಎರಡು ಸೆಕೆಂಡಿನ ಹೆಚ್ಚುವರಿಯಲ್ಲಿ ಅವನ ಗಡಿಯಾರ ಇಳಿಯುವ ಬದಲು ಏರುತ್ತ ಹೋಗುತ್ತದೆ. ಗ್ರ್ಯಾಂಡ್‌ಮಾಸ್ಟರ್‌ಗಳ ತಲೆಯಲ್ಲಿ ಇಂಥ ಸ್ಥಿತಿಗಳು ಸಾವಿರಗಟ್ಟಲೆ ಇವೆ, ಅವುಗಳ ಪೈಕಿ ಬಹುತೇಕಕ್ಕೆ ಹೆಸರೂ ಇಲ್ಲ. ಐದು ಸೆಕೆಂಡು ಉಳಿದಿರುವಾಗ ಅವರು ಆಡುವ ಹದಿನೈದು ನಿರ್ದೋಷ ನಡೆಗಳನ್ನು ಕಂಡು ನಾವು ಬೆರಗಾಗುತ್ತೇವೆ. ಅವರ ಮಟ್ಟಿಗೆ ಅಲ್ಲಿ ಯೋಚಿಸಲು ಏನೂ ಇರಲಿಲ್ಲ. ಯೋಚನೆ ಹತ್ತು ವರ್ಷದ ಹಿಂದೆಯೇ, ಯಾವುದೋ ಮಧ್ಯಾಹ್ನ, ಗಡಿಯಾರವಿಲ್ಲದ ಕೋಣೆಯಲ್ಲಿ ಮುಗಿದುಹೋಗಿತ್ತು.

ಹೀಗಾಗಿ ನಾನು ಬ್ಲಿಟ್ಜ್ ನೇರಪ್ರಸಾರ ನೋಡುವಾಗ ಹಲಗೆಗಿಂತ ಗಡಿಯಾರವನ್ನು ಹೆಚ್ಚು ಗಮನಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ. ಪರದೆಯ ಪಕ್ಕದಲ್ಲಿ ಕಂಪ್ಯೂಟರ್‌ನ ಮೌಲ್ಯಮಾಪನ ತೋರಿಸುವ ಪಟ್ಟಿಯೊಂದು ಮೇಲೆ ಕೆಳಗೆ ಜಿಗಿಯುತ್ತಿರುತ್ತದೆ, ಅದನ್ನು ಕೈಯಿಂದ ಮುಚ್ಚಿಕೊಂಡು ನೋಡುವುದೇ ಒಳ್ಳೆಯದು. ‘ಬಿಳಿಗೆ ಗೆಲುವು ಖಚಿತ’ ಎಂದು ಆ ಪಟ್ಟಿ ಹೇಳುತ್ತಿರುವಾಗ, ಆ ಗೆಲುವಿಗೆ ಇರುವುದು ಒಂದೇ ದಾರಿ, ಅದನ್ನು ಕಾಣಲು ಒಂಬತ್ತು ನಡೆ ಮುಂದೆ ನೋಡಬೇಕು, ಆಟಗಾರನ ಬಳಿ ಇರುವುದು ಏಳು ಸೆಕೆಂಡು ಎಂಬ ಸ್ಥಿತಿಯಿರಬಹುದು. ಆ ಹೊತ್ತಿನಲ್ಲಿ ನಿಜವಾಗಿ ಮೇಲುಗೈ ಇರುವುದು ಕಪ್ಪಿಗೆ. ಗಡಿಯಾರವನ್ನು ನೋಡುತ್ತ ಹೋದರೆ ಬೇರೆಯದೇ ಕಥೆ ಕಾಣುತ್ತದೆ: ಎರಡು ಸೆಕೆಂಡು, ಒಂದು ಸೆಕೆಂಡು, ಮೂರು, ಎರಡು ಎಂದು ಸಾಗುತ್ತಿದ್ದ ಲಯ ಇದ್ದಕ್ಕಿದ್ದಂತೆ ಮುರಿದು, ಒಂದು ನಡೆಗೆ ಮೂವತ್ತೈದು ಸೆಕೆಂಡು ಹೋಗುತ್ತದೆ. ಅಲ್ಲೇ ಆಟವಿರುವುದು. ಪದಾತಿಗಳ ಸಾಲನ್ನು ಮುಚ್ಚಬೇಕೇ ತೆರೆಯಬೇಕೇ, ರಾಣಿಗಳನ್ನು ಬದಲಾಯಿಸಿಕೊಳ್ಳಬೇಕೇ ಬೇಡವೇ ಎಂಬಂಥ, ಮತ್ತೆ ಹಿಂತಿರುಗಲಾಗದ ತೀರ್ಮಾನಗಳಿಗೆ ಅವರು ಸಮಯ ಸುರಿಯುತ್ತಾರೆ. ಉಳಿದೆಡೆ ‘ಇದು ಸಾಕು’ ಎನಿಸುವ ಮೊದಲ ನಡೆಯನ್ನೇ ಆಡಿಬಿಡುತ್ತಾರೆ. ಉತ್ತಮ ನಡೆಯೊಂದು ಎಲ್ಲೋ ಇರಬಹುದು ಎಂಬ ಗುಮಾನಿ ಬಂದರೂ ಅದನ್ನು ಹುಡುಕದೆ ಬಿಡುವುದಕ್ಕೆ ಒಂದು ಬಗೆಯ ವೈರಾಗ್ಯ ಬೇಕು. ನನಗೆ ಬರದೇ ಇರುವುದು ಅದೇ.

ಈ ಮಾತಿಗೆ ಅಪವಾದದಂತೆ ಕಾಣುವವರು ಅಲೆಕ್ಸಾಂಡರ್ ಗ್ರಿಶ್ಚುಕ್. ದೀರ್ಘ ಸಮಯದ ಆಟಗಳಲ್ಲೂ ಸದಾ ಸಮಯದ ಅಭಾವಕ್ಕೆ ಸಿಲುಕುವವರೆಂದು ಹೆಸರಾದ ಈ ರಷ್ಯನ್ ಆಟಗಾರ, ವಿಶ್ವ ಬ್ಲಿಟ್ಜ್ ಪ್ರಶಸ್ತಿಯನ್ನು 2006, 2012 ಮತ್ತು 2015ರಲ್ಲಿ ಗೆದ್ದಿದ್ದಾರೆ. ಸಮಯ ಉಳಿಸಲು ಬಾರದವನು ಬ್ಲಿಟ್ಜ್‌ನಲ್ಲಿ ಹೇಗೆ ಮೂರು ಸಲ ಗೆದ್ದ ಎಂದು ಕೇಳಬಹುದು. ಸಮಯದ ಅಭಾವವೇ ಅವರಿಗೆ ತವರುಮನೆಯಾಗಿತ್ತು ಎಂಬುದು ನನ್ನ ಊಹೆ. ಬೇರೆಯವರಿಗೆ ಎದೆ ಹೊಡೆದುಕೊಳ್ಳುವ ಹತ್ತು ಸೆಕೆಂಡಿನ ಸ್ಥಿತಿಯಲ್ಲಿ ಅವರು ಬದುಕಿನ ಅರ್ಧ ಭಾಗ ಕಳೆದವರು.

ವಯಸ್ಸಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. ಬ್ಲಿಟ್ಜ್ ಎಳೆಯರ ಆಟ, ನರಗಳು ಚುರುಕಾಗಿರುವವರೆಗೆ ಮಾತ್ರ ಎಂಬ ನಂಬಿಕೆ ವ್ಯಾಪಕವಾಗಿದೆ, ಅದಕ್ಕೆ ಆಧಾರವೂ ಇದೆ. 2009ರಲ್ಲಿ ಮಾಸ್ಕೋದಲ್ಲಿ ಕಾರ್ಲ್‌ಸನ್ ತಮ್ಮ ಮೊದಲ ವಿಶ್ವ ಬ್ಲಿಟ್ಜ್ ಪ್ರಶಸ್ತಿ ಗೆದ್ದಾಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. 42 ಆಟಗಳಲ್ಲಿ 31 ಅಂಕ ಗಳಿಸಿದ್ದರು. ಆದರೆ ಅಂದು 28 ಅಂಕಗಳೊಂದಿಗೆ ಎರಡನೆಯವರಾಗಿದ್ದವರು ಅದಾಗಲೇ ನಲವತ್ತರ ಹೊಸ್ತಿಲಲ್ಲಿದ್ದ ವಿಶ್ವನಾಥನ್ ಆನಂದ್. 1988ರಲ್ಲಿ ಕೆನಡಾದ ಸೇಂಟ್ ಜಾನ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್ ಟೂರ್ನಿಯಲ್ಲಿ ಕ್ಯಾಸ್ಪರೋವ್ ಅವರನ್ನು ಕಿರಿಲ್ ಗಿಯೋರ್ಗಿಯೆವ್ ಹೊರಹಾಕಿದರೆ, ಪ್ರಶಸ್ತಿ ಎತ್ತಿದವರು 51 ವರ್ಷದ ಮಿಖಾಯಿಲ್ ತಾಲ್. ಯೌವನದಿಂದಲೂ ಕಾಯಿಲೆಯೊಂದಿಗೇ ಬಾಳಿದ ತಾಲ್ ಅವರ ದೇಹದಲ್ಲಿ ಆಗ ಹೆಚ್ಚೇನೂ ಕಸುವು ಉಳಿದಿರಲಿಲ್ಲ. ಕಣ್ಣು ಮಾತ್ರ ಹಾಗೇ ಇತ್ತು. ಹುಡುಗನಾಗಿದ್ದಾಗಲೇ ಮಿಂಚಿನ ಆಟಕ್ಕೆ ಹೆಸರಾಗಿದ್ದ ಆನಂದ್ 2017ರ ಡಿಸೆಂಬರ್‌ನಲ್ಲಿ, 48ನೆಯ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ಬ್ಲಿಟ್ಜ್‌ಗಿಂತ ಹೆಚ್ಚು ಸಮಯ ಸಿಗುವ ರ‍್ಯಾಪಿಡ್ ಆಟದ ವಿಶ್ವ ಪ್ರಶಸ್ತಿ ಗೆದ್ದು, ಮರುದಿನಗಳ ಬ್ಲಿಟ್ಜ್‌ನಲ್ಲಿ ಮೂರನೆಯವರಾದರು. ವಯಸ್ಸಿನೊಂದಿಗೆ ಕಡಿಮೆಯಾಗುವುದು ಲೆಕ್ಕ ಹಾಕುವ ಶಕ್ತಿ. ಗುರುತಿಸುವ ಶಕ್ತಿ ಅಷ್ಟು ಬೇಗ ಕೈಬಿಡುವುದಿಲ್ಲ ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ. ನಿಜವಾಗಿ ವಯಸ್ಸು ಕಾಡುವುದು ಬಹುಶಃ ದಣಿವಿನಲ್ಲಿ. ಎರಡು ದಿನಗಳಲ್ಲಿ 21 ಸುತ್ತು ಎಂಬ ಪದ್ಧತಿ ಬಹುಕಾಲ ಇತ್ತು. ಗೆದ್ದ ಆಟವನ್ನು ಕೈಚೆಲ್ಲಿ ಸೋತು ಬಂದವನು ಕೆಲವೇ ನಿಮಿಷಗಳಲ್ಲಿ ಇನ್ನೊಬ್ಬನ ಎದುರು ಕೈಕುಲುಕಿ ಕುಳಿತುಕೊಳ್ಳಬೇಕು. ಹಿಂದಿನ ಸೋಲನ್ನು ಮುಂದಿನ ಹಲಗೆಗೆ ಹೊತ್ತು ತಂದು, ಒಂದರ ಹಿಂದೊಂದು ನಾಲ್ಕು ಆಟ ಸೋತ ಘಟಾನುಘಟಿಗಳನ್ನು ಪ್ರತಿ ವರ್ಷವೂ ಕಾಣುತ್ತೇವೆ.

ಇನ್ನು ನಿಯಮಗಳ ಗೋಜಲು. ಬ್ಲಿಟ್ಜ್‌ನಲ್ಲಿ ಆಟದ ನಿಯಮಗಳೂ ಒತ್ತಡಕ್ಕೆ ಸಿಲುಕುತ್ತವೆ, ಏಕೆಂದರೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದ ಸಂಗತಿಗಳು ಮೂರು ಸೆಕೆಂಡಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು. ಕಾಯಿ ಉರುಳಿದರೆ ಉರುಳಿಸಿದವನು ತನ್ನ ಸಮಯದಲ್ಲೇ ಎತ್ತಿಡಬೇಕು. ನಿಯಮಬಾಹಿರ ನಡೆಯಾಡಿ ಗಡಿಯಾರ ಒತ್ತಿದರೆ ಮೊದಲ ತಪ್ಪಿಗೆ ಎದುರಾಳಿಗೆ ಒಂದು ನಿಮಿಷ ಹೆಚ್ಚುವರಿ, ಎರಡನೆಯದಕ್ಕೆ ಸೋಲು. 2017ರಲ್ಲಿ ರಿಯಾದ್‌ನ ಬ್ಲಿಟ್ಜ್‌ನ ಮೊದಲ ಸುತ್ತಿನಲ್ಲಿ ಎರ್ನೆಸ್ಟೊ ಇನಾರ್ಕಿಯೆವ್ ಅವರ ರಾಜನಿಗೆ ಕಾರ್ಲ್‌ಸನ್ ಚೆಕ್ ಕೊಟ್ಟರು. ಇನಾರ್ಕಿಯೆವ್ ಅದನ್ನು ಗಮನಿಸದೆ ಕುದುರೆಯನ್ನು ಹಾರಿಸಿ ತಾವೇ ತಿರುಗಿ ಚೆಕ್ ಕೊಟ್ಟರು. ಅದು ನಿಯಮಬಾಹಿರವೆಂದು ಹೇಳುವ ಬದಲು ಕಾರ್ಲ್‌ಸನ್ ಅಭ್ಯಾಸಬಲದಿಂದ ತಮ್ಮ ರಾಜನನ್ನು ಸರಿಸಿದರು. ಆಗ ಇನಾರ್ಕಿಯೆವ್ ಗಡಿಯಾರ ನಿಲ್ಲಿಸಿ, ಕಾರ್ಲ್‌ಸನ್ ಅವರ ನಡೆಯೇ ನಿಯಮಬಾಹಿರವೆಂದು ವಾದಿಸಿದರು. ಆರ್ಬಿಟರ್, ಅಂದರೆ ತೀರ್ಪುಗಾರರು, ಮೊದಲು ಅವರಿಗೇ ಗೆಲುವು ಕೊಟ್ಟರು. ಕಾರ್ಲ್‌ಸನ್ ಆಕ್ಷೇಪಿಸಿದಾಗ ಮುಖ್ಯ ಆರ್ಬಿಟರ್ ಆ ತೀರ್ಪನ್ನು ಬದಲಾಯಿಸಿ ಆಟ ಮುಂದುವರಿಯಲಿ ಎಂದರು. ಇನಾರ್ಕಿಯೆವ್ ಒಪ್ಪಲಿಲ್ಲ, ಆಟ ಕಾರ್ಲ್‌ಸನ್ ಪಾಲಾಯಿತು. ಜಗತ್ತಿನ ಅತ್ಯುತ್ತಮ ಆಟಗಾರನೇ ತನ್ನೆದುರಿನ ನಡೆ ಅಸಾಧ್ಯವಾದದ್ದು ಎಂಬುದನ್ನು ಗಮನಿಸದೆ ಉತ್ತರ ಕೊಟ್ಟುಬಿಟ್ಟನಲ್ಲ, ನನಗೆ ಇಡೀ ಪ್ರಸಂಗದಲ್ಲಿ ರಸವತ್ತಾಗಿ ಕಾಣುವುದು ಅದು. ಚೆಕ್ ಎಂದರೆ ರಾಜನನ್ನು ಸರಿಸು, ಅಷ್ಟೆ. ಗುರುತಿಸುವ ಕಣ್ಣಿಗೆ ಇರುವ ಕುರುಡುಚುಕ್ಕೆಯೂ ಅಲ್ಲೇ ಇದೆ.

ನನ್ನ ಸ್ವಂತ ಅನುಭವವೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಚಿಕ್ಕದೊಂದು ಮುಕ್ತ ಬ್ಲಿಟ್ಜ್ ಟೂರ್ನಿಯಲ್ಲಿ ನನ್ನ ಪದಾತಿ ಎಂಟನೇ ಸಾಲು ತಲುಪಿತು. ನನಗೆ ರಾಣಿ ಬೇಕಿತ್ತು, ಆದರೆ ಹೊಡೆಯಲ್ಪಟ್ಟ ರಾಣಿಯನ್ನು ಎದುರಾಳಿ ತನ್ನ ಎಡಗೈ ಬೆರಳುಗಳ ನಡುವೆ ಹೊರಳಿಸುತ್ತ ಕುಳಿತಿದ್ದ. ನನ್ನ ಬಳಿ ಹನ್ನೊಂದು ಸೆಕೆಂಡು ಉಳಿದಿತ್ತು. ಪಕ್ಕದಲ್ಲಿದ್ದ ಆನೆಯನ್ನೇ ತಲೆಕೆಳಗಾಗಿ ಇಟ್ಟು ‘ರಾಣಿ’ ಎಂದು ಹೇಳಿ ಗಡಿಯಾರ ಒತ್ತಿದೆ. ಮನೆಯಲ್ಲಿ, ಗೆಳೆಯರೊಡನೆ ಆಡುವಾಗ ನಾವು ಯಾವಾಗಲೂ ಹಾಗೆಯೇ ಮಾಡುತ್ತಿದ್ದೆವು. ಮುಂದಿನ ನಡೆಯಲ್ಲಿ ಆ ‘ರಾಣಿ’ಯನ್ನು ಓರೆಯಾಗಿ ನಡೆಸಿ ಚೆಕ್ ಕೊಟ್ಟಾಗ ಎದುರಾಳಿ ಶಾಂತವಾಗಿ ಗಡಿಯಾರ ನಿಲ್ಲಿಸಿ ಕೈ ಎತ್ತಿದ. ಆರ್ಬಿಟರ್ ಬಂದು ಹಲಗೆಯನ್ನು ಒಮ್ಮೆ ನೋಡಿ, ತಲೆಕೆಳಗಾಗಿ ನಿಂತರೂ ಆನೆ ಆನೆಯೇ ಎಂದರು. ಎದುರಾಳಿಗೆ ಒಂದು ನಿಮಿಷ ಸಿಕ್ಕಿತು, ನಾನು ಮುಟ್ಟಿದ ಆ ಆನೆಯನ್ನೇ ನೇರವಾಗಿ ನಡೆಸಬೇಕಾಯಿತು, ಆಟ ಹೋಯಿತು. ಗಡಿಯಾರವನ್ನು ನಿಲ್ಲಿಸಿ ರಾಣಿಯನ್ನು ಕೊಡಿಸಿ ಎಂದು ಆರ್ಬಿಟರ್‌ನನ್ನು ಕೇಳುವ ಹಕ್ಕು ನನಗಿತ್ತು. ನಿಯಮಪುಸ್ತಕದಲ್ಲಿ ಅದನ್ನು ಓದಿಯೂ ಇದ್ದೆ. ಹನ್ನೊಂದು ಸೆಕೆಂಡಿನಲ್ಲಿ ಓದಿದ್ದು ನೆನಪಿಗೆ ಬರುವುದಿಲ್ಲ, ಮಾಡಿ ರೂಢಿಯಾದದ್ದು ಮಾತ್ರ ಕೈಗೆ ಬರುತ್ತದೆ.

ಇಷ್ಟೆಲ್ಲ ಗೌರವವಿಟ್ಟುಕೊಂಡೂ ಈಚಿನ ವರ್ಷಗಳ ಎರಡು ಸಂಗತಿಗಳು ನನಗೆ ಹಿಡಿಸಲಿಲ್ಲ. 2023ರಲ್ಲಿ ಸಮರ್‌ಖಂಡ್‌ನ ವಿಶ್ವ ಬ್ಲಿಟ್ಜ್‌ನಲ್ಲಿ ರಷ್ಯದ ಆಟಗಾರರಾದ ಇಯಾನ್ ನೆಪೊಮ್‌ನಿಯಾಚಿ ಮತ್ತು ಡ್ಯಾನಿಲ್ ದುಬೊವ್ ತಮ್ಮ ಕುದುರೆಗಳನ್ನಷ್ಟೇ ಹಲಗೆಯ ಮೇಲೆ ಕುಣಿಸಿ, ಆರಂಭದ ಸ್ಥಾನಗಳ ಸುತ್ತಮುತ್ತ ಸುತ್ತಾಡಿಸಿ ಡ್ರಾ ಮಾಡಿಕೊಂಡರು. ಮೊದಲೇ ಮಾತಾಡಿಕೊಂಡ ಆಟವೆಂದು ಇಬ್ಬರಿಗೂ ಸೊನ್ನೆ ಅಂಕ ಕೊಡಲಾಯಿತು, ಸರಿಯಾದ ತೀರ್ಪು. ಎರಡನೆಯದು 2024ರ ಕೊನೆಯ ದಿನ ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್‌ನಲ್ಲಿ ನಡೆದದ್ದು. ವಿಶ್ವ ಬ್ಲಿಟ್ಜ್ ಫೈನಲ್‌ನಲ್ಲಿ ಮೊದಲ ಎರಡು ಆಟಗಳನ್ನು ಕಾರ್ಲ್‌ಸನ್ ಗೆದ್ದರು, ಮುಂದಿನ ಎರಡನ್ನು ನೆಪೊಮ್‌ನಿಯಾಚಿ ಗೆದ್ದರು. ಅಂಥ ಪುನರಾಗಮನವನ್ನು ನಾನು ಬ್ಲಿಟ್ಜ್ ಫೈನಲ್‌ನಲ್ಲಿ ಕಂಡಿರಲಿಲ್ಲ. ಆಮೇಲೆ ಮೊದಲು ಗೆದ್ದವನಿಗೆ ಪ್ರಶಸ್ತಿ ಎಂಬ ಹಂತದಲ್ಲಿ ಮೂರು ಡ್ರಾಗಳಾದವು, ಕಾರ್ಲ್‌ಸನ್ ಪ್ರಶಸ್ತಿಯನ್ನು ಹಂಚಿಕೊಳ್ಳೋಣ ಎಂದರು, ಫಿಡೆ ಒಪ್ಪಿತು. ದಣಿದಿದ್ದರು, ಇರುಳಾಗಿತ್ತು, ಹೊಸ ವರ್ಷ ಬಾಗಿಲಲ್ಲಿತ್ತು, ಎಲ್ಲ ನಿಜ. ಆದರೂ ಯಾರಾದರೂ ಒಬ್ಬರು ತಪ್ಪು ಮಾಡುವವರೆಗೆ ಆಡುವುದೇ ಬ್ಲಿಟ್ಜ್‌ನ ಕರಾರು ಎಂದು ತಿಳಿದಿದ್ದ ನನಗೆ ಆ ರಾತ್ರಿ ಊಟದ ಎಲೆಯಿಂದ ಅರ್ಧಕ್ಕೆ ಎಬ್ಬಿಸಿದಂತಾಯಿತು. ಕಾರ್ಲ್‌ಸನ್ 2025ರಲ್ಲಿ ದೋಹಾದಲ್ಲಿ ಗೆದ್ದದ್ದೂ ಸೇರಿ ಒಂಬತ್ತು ಸಲ ಚಾಂಪಿಯನ್ ಆಗಿದ್ದಾರೆ. ಆ ಒಂಬತ್ತರಲ್ಲಿ ನ್ಯೂಯಾರ್ಕ್‌ನದೊಂದರ ಪಕ್ಕದಲ್ಲಿ ಮಾತ್ರ ಇನ್ನೊಂದು ಹೆಸರಿದೆ.

ಬ್ಲಿಟ್ಜ್ ಗಂಭೀರ ಚೆಸ್ ಅಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅವರಿಗೆ 2023ರ ಬಾಕು ವಿಶ್ವಕಪ್‌ನ ಕ್ವಾರ್ಟರ್‌ಫೈನಲ್ ನೆನಪಿಸಬೇಕೆನಿಸುತ್ತದೆ. ದೀರ್ಘ ಆಟಗಳಲ್ಲೂ ರ‍್ಯಾಪಿಡ್‌ನಲ್ಲೂ ಇತ್ಯರ್ಥವಾಗದೆ, ಪ್ರಜ್ಞಾನಂದ ಮತ್ತು ಅರ್ಜುನ್ ಇರಿಗೇಶಿ ಎಂಬ ಇಬ್ಬರು ಗೆಳೆಯರ ನಡುವಿನ ಹಣಾಹಣಿ, ಮೊದಲು ಗೆದ್ದವನೇ ಮುಂದಿನ ಹಂತಕ್ಕೆ ಎಂಬ ಸಡನ್ ಡೆತ್ ಬ್ಲಿಟ್ಜ್‌ಗೆ ಬಂದು ನಿಂತಿತು. ಗೆದ್ದ ಪ್ರಜ್ಞಾನಂದ ಫೈನಲ್‌ವರೆಗೂ ಹೋಗಿ, ವಿಶ್ವ ಚಾಂಪಿಯನ್‌ಗೆ ಸವಾಲೊಡ್ಡುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ ಅರ್ಹತೆ ಪಡೆದರು. ವರ್ಷಗಟ್ಟಲೆ ತಯಾರಿಯ ಫಲ ಕೆಲವು ನಿಮಿಷಗಳ ಆಟವೊಂದರಲ್ಲಿ ನಿಂತಿತ್ತು. ಸೋತ ಅರ್ಜುನ್ ಎರಡು ವರ್ಷಗಳ ನಂತರ ದೋಹಾದ ವಿಶ್ವ ಬ್ಲಿಟ್ಜ್‌ನಲ್ಲಿ ಕಂಚು ಗೆದ್ದರು. ಮಹಿಳೆಯರಲ್ಲಿ ಕೊನೇರು ಹಂಪಿ ಅಲ್ಮಾಟಿಯಲ್ಲಿ ಬೆಳ್ಳಿ, ಆರ್. ವೈಶಾಲಿ ನ್ಯೂಯಾರ್ಕ್‌ನಲ್ಲಿ ಕಂಚು ಪಡೆದಿದ್ದಾರೆ.

ಆನ್‌ಲೈನ್ ಬ್ಲಿಟ್ಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇರೆಯದೇ ಕಲೆ. ಎದುರಾಳಿ ನಡೆಯುವ ಮೊದಲೇ ನಮ್ಮ ನಡೆಯನ್ನು ಕಟ್ಟಿಡುವ ಪ್ರೀ-ಮೂವ್ ಎಂಬ ಸೌಲಭ್ಯ ಅಲ್ಲಿದೆ, ಕಾಯಿ ಉರುಳುವುದಿಲ್ಲ, ನಿಯಮಬಾಹಿರ ನಡೆಯನ್ನು ಯಂತ್ರವೇ ಬಿಡುವುದಿಲ್ಲ. ಹಿಕಾರು ನಕಾಮುರಾ ಅವರಂಥವರು ಮೌಸ್ ಹಿಡಿದಾಗ ತೋರುವ ಚಾಕಚಕ್ಯತೆ ದೊಡ್ಡದೇ ಆದರೂ, ನನ್ನ ತಲೆಕೆಳಗಾದ ಆನೆಯಂಥ ಅನಾಹುತಕ್ಕೆ ಅಲ್ಲಿ ಅವಕಾಶವೇ ಇಲ್ಲದಿರುವುದರಿಂದ ಏನೋ ಒಂದು ಕಡಿಮೆಯಾದಂತೆ ಅನಿಸುತ್ತದೆ.

ಆದರೂ ನಾನು ಆಡುವುದು ಹೆಚ್ಚಾಗಿ ಅಲ್ಲೇ. ಕಳೆದ ಕೆಲವು ತಿಂಗಳುಗಳಿಂದ ಒಂದು ಸಣ್ಣ ಪ್ರಯೋಗ ನಡೆಸುತ್ತಿದ್ದೇನೆ: ಪ್ರತಿ ಆಟ ಮುಗಿದ ಮೇಲೆ, ಹದಿನೈದನೇ ನಡೆಯ ಹೊತ್ತಿಗೆ ನನ್ನ ಗಡಿಯಾರದಲ್ಲಿ ಎಷ್ಟಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ಅದರ ಮುಂದೆ ಅತಿ ಹೆಚ್ಚು ಸಮಯ ತಿಂದ ನಡೆ ಯಾವುದೆಂದು ಗುರುತು ಹಾಕುವುದು. ಬರೆಯುತ್ತ ಹೋದಂತೆ ಒಂದು ಸಂಗತಿ ನಾಚಿಕೆ ಹುಟ್ಟಿಸುವಷ್ಟು ಸ್ಪಷ್ಟವಾಯಿತು. ನಾನು ಅತಿ ಹೆಚ್ಚು ಯೋಚಿಸಿದ ನಡೆಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು, ಏನಾಡಿದರೂ ನಡೆಯುತ್ತಿದ್ದ ಸ್ಥಿತಿಗಳಲ್ಲಿ ಆಡಿದವು. ಎರಡು ಒಳ್ಳೆಯ ನಡೆಗಳ ನಡುವೆ ಯಾವುದನ್ನು ಆರಿಸಲಿ ಎಂದು ಇಪ್ಪತ್ತು ಸೆಕೆಂಡು ಕಳೆದು, ಆಮೇಲೆ ನಿಜವಾದ ಕವಲುದಾರಿ ಎದುರಾದಾಗ ಕಿಸೆ ಖಾಲಿ.

ಮೊನ್ನೆ ರಾತ್ರಿ ಆರು ಸೆಕೆಂಡು ಉಳಿದಿರುವಾಗ ಲುಸೆನಾ ಸ್ಥಿತಿ ಬಂತು. ಆನೆಯನ್ನು ನಾಲ್ಕನೇ ಸಾಲಿಗೆ ತಂದು ನಿಲ್ಲಿಸಿದೆ, ರಾಜ ಹೊರಬಂದ, ಚೆಕ್‌ಗಳು ಒಂದೊಂದಾಗಿ ಬಂದವು, ಸೇತುವೆ ಕಟ್ಟಿ ಮುಗಿಸಿದಾಗ ನನ್ನ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಎದುರಾಳಿ ಸೋಲೊಪ್ಪಿಕೊಂಡಾಗ ಅವನ ಬಳಿ ಇನ್ನೂ ಐವತ್ತು ಸೆಕೆಂಡಿತ್ತು. ಆ ಖುಷಿಯಲ್ಲಿ ನೋಟ್‌ಬುಕ್ ತೆರೆಯದೆ ಮರು ಆಟಕ್ಕೆ ಇಳಿದು, ಹದಿನೇಳನೇ ನಡೆಯಲ್ಲಿ, ಎರಡು ನಿಮಿಷಕ್ಕೂ ಹೆಚ್ಚು ಸಮಯ ಇಟ್ಟುಕೊಂಡು, ರಾಣಿಯನ್ನು ಎದುರಾಳಿಯ ಬಿಷಪ್‌ನ ಬಾಯಿಗೆ ನೇರವಾಗಿ ಇಟ್ಟೆ.